ಮನೆಯ ಹತ್ತಿರವೇ ಇದೆ ಸಾಹಸ, ಉಮ್ಮನೂ ಹೊರಡಲಿ

"ಉಮ್ಮಾ, ಈ ರಜೆಯಲ್ಲಿ ಎಲ್ಲಿಗೆ ಹೋಗುವುದು?"

ಪರೀಕ್ಷೆ ಮುಗಿದ ಮರುದಿನವೇ ಮಕ್ಕಳಿಂದ ಈ ಪ್ರಶ್ನೆ ಬರುತ್ತದೆ. ಪಕ್ಕದ ಮನೆಯವರು ಊಟಿಗೆ ಹೋಗಿದ್ದಾರೆ. ಸಂಬಂಧಿಕರ ಮಕ್ಕಳು ರೆಸಾರ್ಟಿನ ಫೋಟೊ ಕಳಿಸಿದ್ದಾರೆ. ನೀವು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ: ಗಾಡಿ ಬಾಡಿಗೆ, ರೂಮು, ಐದು ಮಂದಿಯ ಊಟ, ಜೂನ್‌ನಲ್ಲಿ ಕಟ್ಟಬೇಕಾದ ಶಾಲೆಯ ಫೀಸು. "ಮುಂದಿನ ವರ್ಷ ನೋಡೋಣ, ಇನ್ಶಾ ಅಲ್ಲಾಹ್" ಎಂದು ಹೇಳಿ ಮೊಬೈಲನ್ನು ಮಗನ ಕೈಗೆ ಕೊಟ್ಟುಬಿಡುತ್ತೀರಿ. ರಜೆ ಅಲ್ಲಿಗೆ ಮುಗಿಯಿತು.

ವರ್ಷಕ್ಕೊಮ್ಮೆ ಸಾಲ ಮಾಡಿ ದೂರ ಹೋಗುವುದು ಅಥವಾ ಎಲ್ಲಿಗೂ ಹೋಗದಿರುವುದು, ಈ ಎರಡರ ನಡುವೆ ಇನ್ನೊಂದು ದಾರಿಯಿದೆ. ಅಸರ್ ಮತ್ತು ಮಗ್ರಿಬ್ ನಮಾಝ್‌ಗಳ ನಡುವೆ ದಿನವೂ ಸುಮಾರು ಎರಡು ಗಂಟೆಯ ತಂಪು ಹೊತ್ತು ನಮಗೆ ಸಿಗುತ್ತದೆ. ಅದನ್ನು ಬಳಸಿಕೊಂಡರೆ ಮನೆಯ ಸುತ್ತಮುತ್ತಲೇ ಮಕ್ಕಳು ಮರೆಯದ ಸಾಹಸಗಳಿವೆ. ಒಂದು ಷರತ್ತು ಮಾತ್ರ: ಮನೆಯ ಹೆಂಗಸರನ್ನು ಬಿಟ್ಟು ಹೊರಡಬಾರದು. ಏಕೆಂದರೆ ಈ ಹೊರಗಾಳಿಯ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವುದು ಅವರಿಗೇ.

ಒಳಗೇ ಕುಳಿತರೆ ಏನಾಗುತ್ತದೆ?

ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆ ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ನಿಂತು ಕಾಲು ನೋಯಬಹುದು, ಆದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಬೇಕಾದ ವ್ಯಾಯಾಮ ಅದರಿಂದ ಪೂರ್ತಿಯಾಗಿ ಸಿಗುವುದಿಲ್ಲ. ಚುರುಕಾದ ನಡಿಗೆ ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವನ್ನೂ ಹತೋಟಿಯಲ್ಲಿಡಲು ನೆರವಾಗುತ್ತದೆ.

ಮಕ್ಕಳ ಕಣ್ಣಿನ ವಿಷಯ ಇನ್ನೊಂದು. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಆಡುವ ಮಕ್ಕಳಲ್ಲಿ ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷ ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ದಿನಕ್ಕೆ ಎರಡು ಗಂಟೆ ಹೊರಗಿರಲಿ ಎಂದು ಕಣ್ಣಿನ ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಇನ್ನು ಡಿ ವಿಟಮಿನ್. ಇದರ ಕೊರತೆ ನಮ್ಮ ದೇಶದಲ್ಲಿ ಬಹಳ ಸಾಮಾನ್ಯ. ಸಂಜೆಯ ಬಿಸಿಲಿನಿಂದ ಅದು ಅಷ್ಟಾಗಿ ಸಿಗುವುದಿಲ್ಲ, ಕಿಟಕಿಯ ಗಾಜಿನ ಹಿಂದೆ ಕುಳಿತರೂ ಸಿಗುವುದಿಲ್ಲ. ಹಾಗಾಗಿ ಪರ್ದಾ ಧರಿಸುವ ಸಹೋದರಿಯರು ಮಧ್ಯಾಹ್ನದ ಆಸುಪಾಸಿನಲ್ಲಿ ಮನೆಯ ಹಿತ್ತಲಿನಲ್ಲೋ ಮರೆಯಿರುವ ತಾರಸಿಯಲ್ಲೋ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ತಾಗುವಂತೆ ಕುಳಿತುಕೊಳ್ಳಿ. ಮೂಳೆ ನೋವು, ಸುಸ್ತು ಬಿಡದಿದ್ದರೆ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಒಂದು ಗಂಟೆಯ ಸಾಹಸ

ಮೊದಲು ಕಾಲ್ನಡಿಗೆಯ ದೂರದಿಂದ ಆರಂಭಿಸಿ. ಇದಕ್ಕೆ ಒಂದು ರೂಪಾಯಿಯೂ ಬೇಡ.

ನಿಮ್ಮ ಮನೆಯ ಹತ್ತಿರದ ತೋಡು ಎಲ್ಲಿಂದ ಬರುತ್ತದೆ, ಯಾವ ಹೊಳೆಗೆ ಸೇರುತ್ತದೆ ಎಂಬುದು ನಿಮ್ಮ ಮಕ್ಕಳಿಗೆ ಗೊತ್ತೇ? ಒಂದು ಸಂಜೆ ಅದರ ಬದಿಯಲ್ಲೇ ನಡೆದು ನೋಡಿ. ಇನ್ನೊಂದು ದಿನ ಫಜ್ರ್ ನಮಾಝ್ ಮುಗಿಸಿ ಅರ್ಧ ಗಂಟೆ ಹೊರಗೆ ನಿಂತು ಹಕ್ಕಿಗಳನ್ನು ಎಣಿಸಿ. ಕಾಗೆ, ಮೈನಾ, ಕೆಂಬೂತ, ಮಿಂಚುಳ್ಳಿ, ಬೆಳ್ಳಕ್ಕಿ ಎಂದು ಪಟ್ಟಿ ಮಾಡಲು ಹೇಳಿದರೆ ಮಕ್ಕಳು ಮರುದಿನ ತಾವಾಗಿ ಏಳುತ್ತಾರೆ. ಭೂಮಿಯಲ್ಲಿ ಸಂಚರಿಸಿ, ಸೃಷ್ಟಿಯನ್ನು ಗಮನಿಸಿ ನೋಡುವಂತೆ ಪವಿತ್ರ ಕುರ್‌ಆನ್ ಹಲವೆಡೆ ಕರೆ ಕೊಡುತ್ತದೆ. ಆ ಸಂಚಾರ ಮನೆಯ ಅಂಗಳದಿಂದಲೇ ಆರಂಭವಾಗಬಹುದು.

ಇನ್ನೊಂದು ಸಾಹಸ ಪ್ರತಿ ತಿಂಗಳೂ ನಮ್ಮ ಬಾಗಿಲಿಗೆ ಬರುತ್ತದೆ. ರಮಝಾನ್ ಮತ್ತು ಈದ್‌ಗೆ ಮಾತ್ರ ಚಂದ್ರದರ್ಶನದ ನೆನಪು ಮಾಡಿಕೊಳ್ಳುವ ನಾವು ಉಳಿದ ತಿಂಗಳುಗಳಲ್ಲಿ ಕ್ಯಾಲೆಂಡರ್ ನೋಡಿ ಸುಮ್ಮನಾಗುತ್ತೇವೆ. ಹಿಜರಿ ತಿಂಗಳಿಗೆ 29 ಅಥವಾ 30 ದಿನ. 29ರ ಸಂಜೆ ಮನೆಮಂದಿಯೆಲ್ಲ ಪಶ್ಚಿಮ ತೆರೆದು ಕಾಣುವ ಜಾಗಕ್ಕೆ ಹೋಗಿ: ಕಡಲತೀರ, ಗುಡ್ಡದ ನೆತ್ತಿ, ಗದ್ದೆಯ ಬದು, ತಾರಸಿ, ಯಾವುದಾದರೂ ಸರಿ. ಸೂರ್ಯ ಮುಳುಗಿದ ಜಾಗವನ್ನು ಗುರುತಿಟ್ಟುಕೊಳ್ಳಿ. ಅದರ ಮೇಲ್ಗಡೆ, ಸ್ವಲ್ಪ ಆಚೀಚೆ, ಗೆರೆಯಷ್ಟು ತೆಳುವಾದ ಚಂದ್ರನನ್ನು ಹುಡುಕಿ. ದುರ್ಬೀನು ಇದ್ದರೆ ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಬಳಸಿ, ಇಲ್ಲವಾದರೆ ಕಣ್ಣಿಗೆ ಅಪಾಯ. ಮೊದಲು ಯಾರು ಕಂಡರು ಎಂಬ ಪೈಪೋಟಿಯಲ್ಲಿ ಅಜ್ಜಿಯೂ ಮೊಮ್ಮಗನೂ ಸಮಾನರು. ಕೆಲವೊಮ್ಮೆ ಕಾಣುವುದಿಲ್ಲ, ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ. ಕಾಣದಿದ್ದರೂ ಅಲ್ಲೇ ಮಗ್ರಿಬ್ ನಿರ್ವಹಿಸಿ ಮರಳಿದ ಸಂಜೆ ವ್ಯರ್ಥವಾಗುವುದಿಲ್ಲ.

ಅರ್ಧ ದಿನದ ಸಾಹಸ

ಮಂಗಳೂರಿನವರಾದರೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. ಶತ್ರುಗಳ ಹಡಗುಗಳು ಗುರುಪುರ ನದಿಯೊಳಗೆ ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಗೋಪುರ ಇದು. ಸುತ್ತ ಫಿರಂಗಿ ಇಡುವ ಕಿಂಡಿಗಳಿವೆ. ಮೆಟ್ಟಿಲು ಹತ್ತಿ ನಿಂತರೆ ನದಿ ಕಾಣುತ್ತದೆ. ನದಿಯ ಆಚೆ ದಡ ತಣ್ಣೀರುಬಾವಿ. ದೋಣಿ ಓಡುವ ದಿನಗಳಲ್ಲಿ ಅದರಲ್ಲೇ ನದಿ ದಾಟಿದರೆ ಒಂದು ಬದಿ ನದಿ, ಇನ್ನೊಂದು ಬದಿ ಕಡಲು. ಇತಿಹಾಸ, ದೋಣಿ, ಮರಳು ಮೂರೂ ಒಂದೇ ಸಂಜೆಯಲ್ಲಿ.

ಉಡುಪಿ ಕಡೆಯವರಿಗೆ ಕಾಪು ಇದೆ. ಕಡಲ ಬದಿಯ ಬಂಡೆಯ ಮೇಲೆ 1901ರಿಂದ ನಿಂತಿರುವ ಲೈಟ್‌ಹೌಸ್ ಅಲ್ಲಿನ ಆಕರ್ಷಣೆ. ವಿಜಯಪುರದವರಿಗೆ ಗೋಳಗುಮ್ಮಟದ ಮೂಲೆ ಗೋಪುರದ ಮೆಟ್ಟಿಲೇ ಒಳ್ಳೆಯ ವ್ಯಾಯಾಮ. ಬೀದರ್, ಚಿತ್ರದುರ್ಗದವರಿಗೆ ಊರಲ್ಲೇ ಕೋಟೆಯಿದೆ. ಕೇಂದ್ರ ಪುರಾತತ್ವ ಇಲಾಖೆಯ ಇಂಥ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಒಂದು ದಿನದ ಸಾಹಸ: ಮೂರು ತಿಂಗಳ ತಯಾರಿ

ಈಗ ಒಂದು ದೊಡ್ಡ ಗುರಿ. ಬೆಳ್ತಂಗಡಿಯಿಂದ ಸುಮಾರು 8 ಕಿಲೋಮೀಟರ್ ದೂರದ ಗಡಾಯಿಕಲ್ಲು ದಕ್ಷಿಣ ಕನ್ನಡದ ಎಷ್ಟೋ ಊರುಗಳಿಂದ ಕಾಣುವ ಒಂಟಿ ಬಂಡೆಗುಡ್ಡ. 1794ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿ ಕೋಟೆ ಕಟ್ಟಿಸಿದರು. ತಾಯಿ ಜಮಾಲ್ ಬಿಯವರ ನೆನಪಿಗಾಗಿ ಅದಕ್ಕೆ ಜಮಾಲಾಬಾದ್ ಎಂಬ ಹೆಸರು ಬಂತೆಂದು ಹೇಳುತ್ತಾರೆ. ನೆತ್ತಿ ಮುಟ್ಟಲು 1,800ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ತಾಯಿಯ ಹೆಸರಿನ ಆ ಕೋಟೆಗೆ ಮನೆಯ ತಾಯಿಯನ್ನೂ ಹತ್ತಿಸುವುದೇ ನಿಮ್ಮ ಗುರಿಯಾಗಲಿ.

ಆದರೆ ನಾಳೆಯೇ ಹೊರಡಬೇಡಿ. ಮೊದಲ ತಿಂಗಳು ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಸಮತಟ್ಟು ದಾರಿಯಲ್ಲಿ ನಡೆಯಿರಿ. ನಡೆಯುವಾಗ ಪಕ್ಕದವರೊಂದಿಗೆ ಮಾತನಾಡಲು ಆಗಬೇಕು, ಮಾತು ನಿಂತು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ಅರ್ಥ. ಎರಡನೇ ತಿಂಗಳು ಅದರ ಜೊತೆಗೆ ಏರು ದಾರಿ ಅಥವಾ ಮೆಟ್ಟಿಲು ಸೇರಿಸಿ. ಮೂರನೇ ತಿಂಗಳು ಎರಡು ಸಲ ಅರ್ಧ ದಿನದ ತಿರುಗಾಟ ಮಾಡಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಮೊಣಕಾಲು ನೋವು ಇದ್ದವರು ಮೊದಲು ವೈದ್ಯರನ್ನು ಕೇಳಿ. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲೇ ಕುಳಿತುಕೊಳ್ಳಿ, ಹತ್ತುವುದು ಬೇಡ.

ಗಡಾಯಿಕಲ್ಲಿಗೆ ಅರಣ್ಯ ಇಲಾಖೆಯ ಪ್ರವೇಶ ಶುಲ್ಕವಿದೆ. ಮಳೆಗಾಲದಲ್ಲಿ ಮೆಟ್ಟಿಲುಗಳು ಪಾಚಿ ಹಿಡಿದು ಜಾರುತ್ತವೆ, ಪ್ರವೇಶ ನಿಲ್ಲಿಸುವುದೂ ಉಂಟು. ಚಳಿಗಾಲದಲ್ಲಿ ಬೆಳಿಗ್ಗೆ ಬೇಗ ಹತ್ತುವುದು ಒಳ್ಳೆಯದು. ಮೇಲೆ ಕುಡಿಯುವ ನೀರು ಸಿಗುವುದಿಲ್ಲವೆಂದೇ ತಿಳಿದು ಪ್ರತಿಯೊಬ್ಬರಿಗೂ ಕನಿಷ್ಠ ಒಂದು ಲೀಟರ್ ನೀರು ಒಯ್ಯಿರಿ.

ಉಮ್ಮನಿಗೂ ಅದು ರಜೆಯಾಗಲಿ

ಗಂಡಸರೇ, ಈ ಭಾಗ ನಿಮಗೆ. ನಮ್ಮ ಹಲವು ಮನೆಗಳಲ್ಲಿ ತಿರುಗಾಟವೆಂದರೆ ಹೆಂಗಸರು ನಸುಕಿನಲ್ಲೇ ಎದ್ದು ಬಿರಿಯಾನಿ ಮಾಡುವುದು, ಕಡಲತೀರದಲ್ಲಿ ಬಡಿಸುವುದು, ಮರಳಿ ಬಂದು ಪಾತ್ರೆ ತೊಳೆಯುವುದು. ಮರುವಾರ "ನೀವೇ ಹೋಗಿ ಬನ್ನಿ" ಎಂದು ಅವರು ಹೇಳಿದರೆ ಅಚ್ಚರಿಯೇನು? ಅವಲಕ್ಕಿ, ಖರ್ಜೂರ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಕಡಲೆ ಸಾಕು. ಬುತ್ತಿ ಕಟ್ಟುವ ಕೆಲಸ ನೀವೂ ಮಕ್ಕಳೂ ಮಾಡಿ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಸಮಸ್ಯೆ ಇದೆ. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆಯಿಂದ ಹೆಂಗಸರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ನೀರು ಕುಡಿಯದೆ, ಮೂತ್ರ ತಡೆದುಕೊಂಡು ದಿನ ಕಳೆದರೆ ಮೂತ್ರನಾಳದ ಸೋಂಕು ತಗಲುವ ಸಂಭವ ಹೆಚ್ಚು. ಉರಿ, ಜ್ವರ, ಸೊಂಟ ನೋವು ಶುರುವಾದ ಮೇಲೆ "ತಿರುಗಾಟ ನನಗೆ ಆಗುವುದಿಲ್ಲ" ಎಂಬ ತೀರ್ಮಾನಕ್ಕೆ ಬರುತ್ತಾರೆ. ತಪ್ಪು ತಿರುಗಾಟದ್ದಲ್ಲ. ಹೊರಡುವ ಮೊದಲು ದಾರಿಯಲ್ಲಿ ಬಸ್ ನಿಲ್ದಾಣ, ಪೆಟ್ರೋಲ್ ಪಂಪ್, ಹೆಂಗಸರಿಗೆ ಸೌಕರ್ಯವಿರುವ ಮಸೀದಿ ಎಲ್ಲಿದೆ ಎಂದು ವಿಚಾರಿಸಿಕೊಳ್ಳಿ. ಅಲ್ಲಿ ನೀವೇ ಗಾಡಿ ನಿಲ್ಲಿಸಿ, ಅವರು ಕೇಳುವವರೆಗೆ ಕಾಯಬೇಡಿ. ಶುಚಿಗಾಗಿ ಬೇರೆಯೇ ಒಂದು ಬಾಟಲಿ ನೀರು, ಸಾಬೂನು ಚೀಲದಲ್ಲಿರಲಿ.

ಉಡುಪು ಹಗುರವಾದ ಹತ್ತಿಯದ್ದಾಗಿರಲಿ. ಮೆಟ್ಟಿಲು ಹತ್ತುವಾಗ ಕಾಲಿಗೆ ತೊಡರದಷ್ಟು ಉದ್ದವಿದ್ದರೆ ಸಾಕು. ಚಪ್ಪಲಿಯ ಬದಲು ಹಿಡಿತವಿರುವ ಶೂ ಹಾಕಿಕೊಳ್ಳಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಸರಕಾರಿ ಬಸ್‌ಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಮರೆಯಬೇಡಿ.

ಹೆಂಗಸರಿಗೆ ಓಟ, ಆಟ ಏಕೆ ಎನ್ನುವವರಿಗೆ ಒಂದು ಮಾತು. ಪ್ರವಾದಿ(ಸ) ಪ್ರಯಾಣದಲ್ಲಿದ್ದಾಗ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು ಹದೀಸ್‌ನಲ್ಲಿ ಬಂದಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ಮುಂದೊಮ್ಮೆ ಪ್ರವಾದಿ(ಸ) ಗೆದ್ದು, ಹಿಂದಿನ ಸೋಲಿಗೆ ಇದು ಸಮವಾಯಿತೆಂದು ತಮಾಷೆ ಮಾಡಿದರು. ನಿಮ್ಮ ಮನೆಯಲ್ಲಿ ಅಂಥ ಪಂದ್ಯ ನಡೆದು ಎಷ್ಟು ದಿನವಾಯಿತು?

ಈ ಮೂರರ ಬಗ್ಗೆ ಎಚ್ಚರ

ನೀರು: ಮಳೆಗಾಲದಲ್ಲಿ ಕಡಲಿಗೆ ಇಳಿಯಲೇ ಬೇಡಿ. ಉಳಿದ ಕಾಲದಲ್ಲೂ ಅಲೆಗಳ ನಡುವೆ ಶಾಂತವಾಗಿ, ಕಪ್ಪಾಗಿ ಕಾಣುವ ಪಟ್ಟಿಯಲ್ಲಿ ನೀರು ಒಳಕ್ಕೆ ಎಳೆಯುತ್ತಿರಬಹುದು. ಅದರಲ್ಲಿ ಸಿಕ್ಕವರು ದಡದ ಕಡೆಗೆ ನೇರವಾಗಿ ಈಜಲು ಹೋದರೆ ಸೋತುಹೋಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ನದಿಯಲ್ಲಿ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಈಜು ಬಾರದವರು ಒಬ್ಬರು ಮುಳುಗುವುದನ್ನು ಕಂಡು ಹಾರಿದರೆ ಇಬ್ಬರ ಜೀವ ಹೋಗುತ್ತದೆ. ಹಗ್ಗ, ಕೋಲು, ದುಪಟ್ಟಾ, ಖಾಲಿ ಕ್ಯಾನ್ ಎಸೆಯಿರಿ, ಜನರನ್ನು ಕೂಗಿ ಕರೆಯಿರಿ.

ಉಣ್ಣಿ: ಕಾಡಿನ ದಾರಿಗೆ ಹೋದರೆ ಮೈ ತುಂಬ ಬಟ್ಟೆ ಇರಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣ್ಣಿಯ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸಾಬೂನಿನಿಂದ ಸ್ನಾನ ಮಾಡಿ, ಹಾಕಿದ ಬಟ್ಟೆ ತೊಳೆಯಿರಿ. ನಂತರದ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಹೇಳಿ.

ಪಾದ: ಸಕ್ಕರೆ ಕಾಯಿಲೆ ಇರುವವರು ಬಿಸಿ ಮರಳಿನಲ್ಲಿ ಬರಿಗಾಲಲ್ಲಿ ನಡೆಯಬಾರದು, ಸುಟ್ಟದ್ದೇ ತಿಳಿಯದಿರಬಹುದು. ಮನೆಗೆ ಬಂದು ಬೆರಳ ಸಂದು, ಅಂಗಾಲು ನೋಡಿಕೊಳ್ಳಿ. ಸಕ್ಕರೆ ತಟ್ಟನೆ ಇಳಿದರೆ ಬೇಕಾಗುತ್ತದೆ, ಕಿಸೆಯಲ್ಲಿ ನಾಲ್ಕು ಮಿಠಾಯಿ ಇರಲಿ. ಮಳೆಗಾಲದಲ್ಲಿ ಗಾಯವಿರುವ ಕಾಲನ್ನು ನಿಂತ ನೀರಿಗೆ ಇಳಿಸಿದರೆ ಇಲಿ ಜ್ವರ ತಗಲಬಹುದು.

ನಮಾಝ್ ಮತ್ತು ಶುಚಿತ್ವ

ಹೊರಗೆ ಹೋದರೆ ನಮಾಝ್ ತಪ್ಪುತ್ತದೆಂಬ ಅಳುಕು ಬೇಡ. ಇಡೀ ಭೂಮಿಯನ್ನೇ ಈ ಸಮುದಾಯಕ್ಕೆ ನಮಾಝ್‌ನ ಸ್ಥಳವಾಗಿ ಮಾಡಿಕೊಡಲಾಗಿದೆ. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ, ಅಂದರೆ ಮುಕ್ಕಾಲು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಒಂದು ಬಾಟಲಿ ನೀರು, ಒಂದು ಮುಸಲ್ಲಾ ಚೀಲದಲ್ಲಿದ್ದರೆ ಸಾಕು.

ದಾರಿಯಲ್ಲಿ, ಜನ ಕೂರುವ ನೆರಳಿನಲ್ಲಿ, ನೀರಿನ ಮೂಲದ ಬಳಿ ಮಲಮೂತ್ರ ವಿಸರ್ಜಿಸಬಾರದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ದಾರಿಯಲ್ಲಿನ ತೊಡಕನ್ನು ಸರಿಸುವುದು ಈಮಾನ್‌ನ ಒಂದು ಭಾಗವೆಂದು ಕಲಿಸಿದ್ದಾರೆ. ಹಾಗಿರುವಾಗ ನಾವು ಕುಳಿತೆದ್ದ ಕಡಲತೀರದಲ್ಲಿ ಪ್ಲಾಸ್ಟಿಕ್ ತಟ್ಟೆ ಬಿಟ್ಟು ಬರುವುದು ಹೇಗೆ? ಒಂದು ಖಾಲಿ ಚೀಲ ಒಯ್ಯಿರಿ. ನಿಮ್ಮ ಕಸದ ಜೊತೆ ಬೇರೆಯವರು ಬಿಟ್ಟ ನಾಲ್ಕು ಬಾಟಲಿಗಳನ್ನೂ ಮಕ್ಕಳು ಅದರಲ್ಲಿ ತುಂಬಿಸಲಿ. ಆಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಲಿ.

ಈಗ ಗೋಡೆಯ ಕ್ಯಾಲೆಂಡರ್ ನೋಡಿ. ಈ ಹಿಜರಿ ತಿಂಗಳ 29 ಯಾವ ವಾರ ಬರುತ್ತದೆ? ಅದರ ಸುತ್ತ ಒಂದು ಗುರುತು ಹಾಕಿ. ಆ ಸಂಜೆ ಅಸರ್ ನಮಾಝ್ ಆದ ಮೇಲೆ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಎಲ್ಲರೂ ಹೊರಡಿ.