ಎಎಫ್‌ಎಂ ಕಲಿಸುವ ಬಗೆ: ಗರಗಸದ ಬ್ಲೇಡಿನಿಂದ ಹಳೆಯ ಸಿ.ಡಿ.ವರೆಗೆ

 

ಮೊದಲು ಹೆಸರಿನ ತೊಡಕು. ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರು ಮೈಕ್ರೋಸ್ಕೋಪಿಗೆ ಸೂಕ್ಷ್ಮದರ್ಶಕ ಅಂತ ಕಲಿತವರು. ಹಾಗಾಗಿ ಪರಮಾಣು ಬಲ ಸೂಕ್ಷ್ಮದರ್ಶಕ, ಅಂದರೆ ಎಎಫ್‌ಎಂ, ಅಂದ ಕೂಡಲೇ ಮನಸ್ಸು ಮಸೂರ ಹುಡುಕುತ್ತದೆ. ಆದರೆ 1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಪ್ರಕಟಿಸಿದ ಈ ಉಪಕರಣ ನೋಡುವುದೇ ಇಲ್ಲ, ತಡವುತ್ತದೆ. ತೆಳು ಪಟ್ಟಿಯ ತುದಿಯಲ್ಲೊಂದು ಸೂಜಿ. ಅದು ಮೇಲ್ಮೈಯಲ್ಲಿ ಸಾಲು ಸಾಲಾಗಿ ಹರಿಯುವಾಗ ಪಟ್ಟಿ ಎಷ್ಟು ಬಾಗಿತು ಅನ್ನೋದೇ ಮೂಲ ಅಳತೆ. ಪರದೆಯ ಬಣ್ಣದ ಚಿತ್ರ ಆ ಅಂಕಿಗಳಿಂದ ಕಟ್ಟಿದ್ದು. ಇದು ತಿಳಿಯದಿದ್ದರೆ ವಿದ್ಯಾರ್ಥಿ ಅದನ್ನು ಫೋಟೋ ಅಂತ ನಂಬಿ ತಪ್ಪು ಅಗಲವನ್ನು ವರದಿಯಲ್ಲಿ ಬರೆಯುತ್ತಾನೆ. ನಾನೂ ಬರೆದವನೇ.

ಆದ್ದರಿಂದ ಮೊದಲು ಮೇಜಿನ ಮೇಲೆ ದೊಡ್ಡ ಮಾದರಿ ಮಾಡಿಸಿ. ಗರಗಸದ ಬ್ಲೇಡಿನ ಒಂದು ತುದಿ ಬಿಗಿಯಿರಿ. ಇನ್ನೊಂದು ತುದಿಯ ಅಡಿಗೆ ಗುಂಡುಪಿನ್ನು, ಮೇಲೆ ಕನ್ನಡಿ ಚೂರು. ಲೇಸರ್ ಪಾಯಿಂಟರಿನ ಬೆಳಕು ಕನ್ನಡಿಗೆ ತಾಗಿ ಗೋಡೆಗೆ ಹೋಗಲಿ (ಕಣ್ಣಿನ ಮಟ್ಟದಲ್ಲಿ ಬೇಡ). ಕನ್ನಡಿ ಓರೆಯಾದ ಕೋನದ ಎರಡರಷ್ಟು ಕಿರಣ ತಿರುಗುತ್ತದೆ. ಪಿನ್ನಿನಡಿ ಒಂದೊಂದೇ ಹಾಳೆ ಸೇರಿಸಿ, ಹಾಳೆಗೆ ಸುಮಾರು 0.1 ಮಿ.ಮೀ., ಚುಕ್ಕೆ ಎಷ್ಟು ಸರಿಯಿತೆಂದು ಗೋಡೆಯಲ್ಲಿ ಗುರುತು ಹಾಕಿ. ಆಮೇಲೆ ನಾಣ್ಯವನ್ನು ಮಿಲಿಮೀಟರ್ ಮಿಲಿಮೀಟರಾಗಿ ಸರಿಸುತ್ತಾ ಗ್ರಾಫ್ ಬರೆಯಲಿ. ತಮ್ಮ ಕೈಯಾರೆ ಬರೆದ ಚಿತ್ರವನ್ನು ಯಾರೂ ಫೋಟೋ ಅನ್ನೋದಿಲ್ಲ.

ಎರಡನೆಯದು ಹಳೆಯ ಸಿ.ಡಿ. ಲೇಬಲ್ ಬದಿಯನ್ನು ಬ್ಲೇಡಿನಿಂದ ಗೀರಿ, ಅಂಟುಪಟ್ಟಿ ಹಚ್ಚಿ ಎಳೆದರೆ ಹೊಳೆಯುವ ಪದರ ಕಿತ್ತುಬಂದು ಗುಂಡಿಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಉಳಿಯುತ್ತದೆ. ಅದರ ಮೂಲಕ 650 ನ್ಯಾನೋಮೀಟರಿನ ಕೆಂಪು ಲೇಸರ್ ನೇರವಾಗಿ ಹಾಯಿಸಿ. ಪರದೆ 50 ಸೆಂ.ಮೀ. ದೂರವಿದ್ದರೆ ನಡುಚುಕ್ಕೆಯಿಂದ ಸುಮಾರು 22 ಸೆಂ.ಮೀ. ಆಚೆಗೆ ಇನ್ನೊಂದು ಚುಕ್ಕೆ ಬೀಳುತ್ತದೆ. ಕೋನ ಸುಮಾರು 24 ಡಿಗ್ರಿ. ಲೆಕ್ಕ ಹಾಕಿದರೆ ಸಾಲುಗಳ ಅಂತರ 1.6 ಮೈಕ್ರೋಮೀಟರ್.

ಈಗ ಅದೇ ತುಂಡನ್ನು ಎಎಫ್‌ಎಂನಲ್ಲಿಡಿ. ಸಾಲುಗಳ ಅಂತರ ಅಷ್ಟೇ ಬರಬೇಕು. ಬಾರದಿದ್ದರೆ ಯಂತ್ರದ ಅಳತೆ ಸರಿಹೊಂದಿಸಬೇಕು. ಆದರೆ ಗುಂಡಿಯ ಅಗಲದ ವಿಷಯ ಬೇರೆ. ಸೂಜಿಗೂ ದಪ್ಪವಿದೆ, ಅದು ಗುಂಡಿಯ ಗೋಡೆಗೆ ಪೂರ್ತಿ ಒತ್ತಿ ಇಳಿಯಲಾರದು. ಹಾಗಾಗಿ ಗುಂಡಿ ಇದ್ದದ್ದಕ್ಕಿಂತ ಕಿರಿದಾಗಿಯೂ ಉಬ್ಬು ಅಗಲವಾಗಿಯೂ ಬರುತ್ತದೆ. ಸೂಜಿ ಮೊಂಡಾದಷ್ಟೂ ಇದು ಹೆಚ್ಚು.

ಸಂಶಯ ಬಂದರೆ ತುಂಡನ್ನು 90 ಡಿಗ್ರಿ ತಿರುಗಿಸಿ ಮತ್ತೆ ಓಡಿಸಿ. ಆಕಾರವೂ ಜೊತೆಗೆ ತಿರುಗಿದರೆ ಅದು ಸಿ.ಡಿ.ಯದು. ಎಲ್ಲ ಗುರುತುಗಳೂ ಮೊದಲಿನ ದಿಕ್ಕಿನಲ್ಲೇ ನಿಂತರೆ ಸೂಜಿ ಬದಲಿಸುವ ಹೊತ್ತು ಬಂತು ಅಂತ ತಿಳಿಯಿರಿ. ಪ್ರಶ್ನೆಗಳಿದ್ದರೆ ಕೇಳಿ.