ಐರ್ಲೆಂಡಿಗೆ 175 ಸಮಿತಿ

ಮೊದಲು ಒಂದು ಲೆಕ್ಕ ಹೇಳ್ತೀನಿ, ಕೇಳಿ. 1801ರಿಂದ 1845ರವರೆಗೆ, ಅಂದ್ರೆ ಸುಮಾರು 44 ವರ್ಷದಲ್ಲಿ, ಐರ್ಲೆಂಡಿನ ಸ್ಥಿತಿಗತಿ ತಿಳಿದುಕೊಳ್ಳೋದಕ್ಕೆ ಅಂತ ಬ್ರಿಟನ್ ನೇಮಿಸಿದ ಆಯೋಗಗಳು 114. ವಿಶೇಷ ಸಮಿತಿಗಳು 61. ಒಟ್ಟು 175. ವರ್ಷಕ್ಕೆ ಸರಾಸರಿ ನಾಲ್ಕು! ಐರ್ಲೆಂಡಿನ ಮಹಾಕ್ಷಾಮದ ಇತಿಹಾಸ ಬರೆದ ಸೆಸಿಲ್ ವುಡ್‌ಹ್ಯಾಮ್-ಸ್ಮಿತ್ ಕೊಟ್ಟಿರೋ ಲೆಕ್ಕ ಇದು. ಅವುಗಳ ವರದಿಗಳ ಸಾರ ಹೆಚ್ಚುಕಮ್ಮಿ ಒಂದೇ. ಜನ ಹಸಿದಿದ್ದಾರೆ, ಉಳುವ ನೆಲ ಅವರದಲ್ಲ, ಕೂಲಿ ಸಿಗ್ತಿಲ್ಲ, ಹೀಗೇ ಬಿಟ್ಟರೆ ಅನಾಹುತ ಆಗುತ್ತೆ.

ಅನಾಹುತ ಆಯ್ತು. 1845ರ ಸೆಪ್ಟೆಂಬರಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರ ಮನೆಯಲ್ಲಿ ಊಟ ಅಂದ್ರೆ ಆಲೂಗಡ್ಡೆ ಒಂದೇ. ಮುಂದಿನ ಆರೇಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದ, ಜ್ವರದಿಂದ ಸತ್ತರು. ಇನ್ನೊಂದು 10 ಲಕ್ಷ ಜನ ಹಡಗು ಹತ್ತಿ ದೇಶವನ್ನೇ ಬಿಟ್ಟರು. 1841ರ ಜನಗಣತಿಯಲ್ಲಿ 81 ಲಕ್ಷ 75 ಸಾವಿರ ಇದ್ದ ಜನಸಂಖ್ಯೆ 1851ರಲ್ಲಿ 65 ಲಕ್ಷ 52 ಸಾವಿರಕ್ಕೆ ಇಳೀತು.

ಗೊತ್ತಿಲ್ಲದೆ ಆದ ಅನಾಹುತ ಅಲ್ಲ ಇದು. ರೋಗ ಬೀಳೋದಕ್ಕೆ ಏಳು ತಿಂಗಳ ಮುಂಚೆ, 1845ರ ಫೆಬ್ರವರಿಯಲ್ಲಿ, ಡೆವನ್ ಆಯೋಗ ಅಲ್ಲಿನ ಗೇಣಿದಾರರ ಗೋಳನ್ನ ದಪ್ಪ ದಪ್ಪ ಸಂಪುಟಗಳಲ್ಲಿ ಬರೆದು ಪಾರ್ಲಿಮೆಂಟಿನ ಮುಂದೆ ಇಟ್ಟಿತ್ತು. ಹಾಗಾದ್ರೆ ಇಷ್ಟೆಲ್ಲ ಗೊತ್ತಿದ್ದ ಪಾರ್ಲಿಮೆಂಟಿಗೆ ಆಗಿದ್ದೇನು?

ಇದು ಅರ್ಥ ಆಗಬೇಕಾದ್ರೆ 1800ಕ್ಕೆ ಹೋಗಬೇಕು. ಆಗ ಡಬ್ಲಿನ್ನಿನಲ್ಲಿ ಐರ್ಲೆಂಡಿಗೇ ಒಂದು ಪಾರ್ಲಿಮೆಂಟ್ ಇತ್ತು. ಭಾರೀ ಪ್ರಜಾಪ್ರಭುತ್ವ ಅಂತ ಅಂದುಕೊಳ್ಳಬೇಡಿ. ದೇಶದ ಬಹುಸಂಖ್ಯಾತರು ಕ್ಯಾಥೊಲಿಕರು, ಅವರಿಗೆ ಅದರಲ್ಲಿ ಕೂರೋ ಹಕ್ಕೇ ಇರಲಿಲ್ಲ. ಆದರೂ ಅದು ಡಬ್ಲಿನ್ನಿನಲ್ಲಿತ್ತು. 1798ರಲ್ಲಿ ದಂಗೆ ಆಯ್ತು. ಬ್ರಿಟನ್ನಿನ ಪ್ರಧಾನಿ ವಿಲಿಯಂ ಪಿಟ್, ಇನ್ನು ಎರಡು ಪಾರ್ಲಿಮೆಂಟಿನ ಸಹವಾಸ ಸಾಕು ಅಂತ ತೀರ್ಮಾನಿಸಿದ. ಆದರೆ ಡಬ್ಲಿನ್ ಸಭೆ ತಾನೇ ವೋಟು ಹಾಕಿ ತನ್ನನ್ನ ಮುಗಿಸಿಕೊಳ್ಳಬೇಕಿತ್ತಲ್ಲ, ಅದಕ್ಕೇನು ಮಾಡಿದ್ರು? ರದ್ದಾಗುವ ಕ್ಷೇತ್ರಗಳ ಯಜಮಾನರಿಗೆ ಕ್ಷೇತ್ರವೊಂದಕ್ಕೆ 15,000 ಪೌಂಡ್ ಪರಿಹಾರ. ಒಟ್ಟು 12 ಲಕ್ಷ 60 ಸಾವಿರ ಪೌಂಡ್. ಜೊತೆಗೆ ಬಿರುದು, ಪದವಿ, ಪಿಂಚಣಿ. ರೆಸಾರ್ಟ್ ರಾಜಕಾರಣ ನೋಡಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

1801ರ ಜನವರಿ 1ರಿಂದ ಎಲ್ಲಕ್ಕೂ ಲಂಡನ್. 658 ಸದಸ್ಯರ ಕಾಮನ್ಸ್ ಸಭೆಯಲ್ಲಿ ಐರ್ಲೆಂಡಿಗೆ 100 ಸ್ಥಾನ. ಕ್ಯಾಥೊಲಿಕರಿಗೂ ಸದಸ್ಯತ್ವದ ಹಕ್ಕು ಕೊಡ್ತೀವಿ ಅನ್ನೋ ಆಸೆ ತೋರಿಸಿದ್ರು. ರಾಜ ಮೂರನೇ ಜಾರ್ಜ್ ಒಪ್ಪಲಿಲ್ಲ, ಪಿಟ್ ರಾಜೀನಾಮೆ ಕೊಟ್ಟ. ಆ ಹಕ್ಕು ಸಿಕ್ಕಿದ್ದು 1829ರಲ್ಲಿ.

ಈಗ ನೀವು ಕೇಳಬಹುದು, ಒಂದೇ ದೇಶ, ಒಂದೇ ಪಾರ್ಲಿಮೆಂಟ್ ಆದ ಮೇಲೆ ಐರ್ಲೆಂಡಿನ ಆಡಳಿತವೂ ಇಂಗ್ಲೆಂಡಿನ ಹಾಗೇ ನಡೀಬೇಕಲ್ವಾ? ಇಲ್ಲ. ಇರೋ ವಿಷಯವೇ ಇಲ್ಲಿ. ಸಭೆ ಲಂಡನ್ನಿಗೆ ಹೋಯ್ತು, ಸರ್ಕಾರ ಮಾತ್ರ ಡಬ್ಲಿನ್ ಕೋಟೆಯಲ್ಲೇ ಉಳೀತು. ಅಲ್ಲಿ ರಾಜನ ಪ್ರತಿನಿಧಿ ಲಾರ್ಡ್ ಲೆಫ್ಟಿನೆಂಟ್, ನಮ್ಮ ವೈಸರಾಯ್ ಇದ್ದ ಹಾಗೆ. ಅವನ ಜೊತೆಗೆ ಚೀಫ್ ಸೆಕ್ರೆಟರಿ. ನಮ್ಮ ವಿಧಾನಸೌಧದ ಮುಖ್ಯ ಕಾರ್ಯದರ್ಶಿ ಥರದ ಅಧಿಕಾರಿ ಅಲ್ಲ ಈತ, ಮಂತ್ರಿ, ರಾಜಕಾರಣಿ. ಪೊಲೀಸ್, ಶಾಲೆ, ಜೈಲು, ಜಮೀನು, ಮೀನುಗಾರಿಕೆ, ಎಲ್ಲಕ್ಕೂ ಕಾಮನ್ಸ್ ಸಭೆಯಲ್ಲಿ ಉತ್ತರ ಕೊಡಬೇಕಾದವನು ಇವನೊಬ್ಬನೇ.

ಕಾಗದದ ಮೇಲೆ ಚೆನ್ನಾಗಿದೆ. ಕಾರ್ಕ್ ಊರಿನ ಸಂಸದ ಎದ್ದು ಪ್ರಶ್ನೆ ಕೇಳ್ತಾನೆ, ಮಂತ್ರಿ ಉತ್ತರ ಕೊಡ್ತಾನೆ. ಆದರೆ ಆ ಮಂತ್ರಿ ಗೆದ್ದು ಬಂದಿರೋದು ಸಾಮಾನ್ಯವಾಗಿ ಇಂಗ್ಲೆಂಡಿನಲ್ಲೋ ಸ್ಕಾಟ್ಲೆಂಡಿನಲ್ಲೋ. ಅವನ ಕುರ್ಚಿ ನಿಂತಿರೋದು ಉಳಿದ ಐನೂರು ಚಿಲ್ಲರೆ ಸದಸ್ಯರ ಮೇಲೆ. ಕಾರ್ಕಿನವರೆಲ್ಲ ಸಿಟ್ಟಾದರೂ ಅವನ ಕೂದಲು ಕೊಂಕಲ್ಲ. ಮಂತ್ರಿ ಸಭೆಗೆ ಹೊಣೆ, ನಿಜ. ಆ ಸಭೆಯ ಬಹುಮತ ಐರ್ಲೆಂಡಿನ ಮತದಾರನಿಗೆ ಹೊಣೆಯಾಗಿರಲಿಲ್ಲ.

ಸಣ್ಣ ಸಣ್ಣ ಕೆಲಸಕ್ಕೂ ಸಮುದ್ರ ದಾಟಬೇಕಿತ್ತು. ಡಬ್ಲಿನ್ ನಗರಕ್ಕೆ ವಾರ್ಟ್ರಿ ನದಿಯಿಂದ ಕುಡಿಯೋ ನೀರು ತರಬೇಕು. ನಗರಪಾಲಿಕೆಯ ಕೆಲಸ ತಾನೇ? ಅದಕ್ಕೂ 1861ರಲ್ಲಿ ಲಂಡನ್ನಿನ ಪಾರ್ಲಿಮೆಂಟೇ ಕಾನೂನು ಮಾಡಬೇಕಾಯ್ತು.

ಸಮಿತಿಗಳ ವಿಷಯಕ್ಕೆ ಬರೋಣ. ಒಂದೇ ಒಂದು ಉದಾಹರಣೆ ಸಾಕು. 1833ರಲ್ಲಿ ಡಬ್ಲಿನ್ನಿನ ಆರ್ಚ್‌ಬಿಷಪ್ ರಿಚರ್ಡ್ ವೇಟ್ಲಿ ನೇತೃತ್ವದಲ್ಲಿ ಬಡತನದ ವಿಚಾರಣೆಗೆ ಆಯೋಗ ಕೂತಿತು. ಮೂರು ವರ್ಷ ಊರೂರಿನ ಸಾಕ್ಷ್ಯ ಪಡೀತು. ವರ್ಷದಲ್ಲಿ 30 ವಾರ ಕೆಲಸವಿಲ್ಲದೆ ಕಷ್ಟದಲ್ಲಿ ಬೀಳುವವರು, ಅವರನ್ನ ನಂಬಿದವರೂ ಸೇರಿ, 23 ಲಕ್ಷ 85 ಸಾವಿರ ಅಂತ ಅಂದಾಜು ಕೊಡ್ತು. ಇಂಗ್ಲೆಂಡಿನ ಮಾದರಿಯ ‘ವರ್ಕ್‌ಹೌಸ್’ ಇಲ್ಲಿಗೆ ಹೊಂದಲ್ಲ ಅಂತಲೂ ಹೇಳ್ತು. ವರ್ಕ್‌ಹೌಸ್ ಅಂದ್ರೆ ನಿರ್ಗತಿಕರನ್ನ ಒಳಗೆ ಸೇರಿಸಿಕೊಂಡು, ಗಂಡ-ಹೆಂಡತಿ-ಮಕ್ಕಳನ್ನ ಬೇರೆ ಬೇರೆ ಇಟ್ಟು, ದುಡಿಸಿಕೊಂಡು ಗಂಜಿ ಹಾಕೋ ಜಾಗ. ಅದರ ಬದಲು ಜೌಗು ನೆಲ ಬಸಿದು ಸಾಗುವಳಿಗೆ ತನ್ನಿ, ಕೆಲಸ ಕೊಡಿ ಅಂತು ಆಯೋಗ.

ಸರ್ಕಾರಕ್ಕೆ ಈ ಉತ್ತರ ಹಿಡಿಸಲಿಲ್ಲ, ದುಬಾರಿ ಉತ್ತರ ಅದು. ಇಂಗ್ಲೆಂಡಿನ ಅಧಿಕಾರಿ ಜಾರ್ಜ್ ನಿಕೋಲ್ಸ್‌ನನ್ನ ಕಳಿಸಿದ್ರು. ಆತ ಕೆಲವೇ ವಾರ ಸುತ್ತಾಡಿ ವಾಪಸ್ ಬಂದು, ವರ್ಕ್‌ಹೌಸ್ ಚೆನ್ನಾಗಿ ಹೊಂದುತ್ತೆ ಅಂತ ಬರೆದುಕೊಟ್ಟ. 1838ರಲ್ಲಿ ಕಾನೂನು ಬಂತು. ಐರ್ಲೆಂಡನ್ನ 130 ವಿಭಾಗ ಮಾಡಿ, ವಿಭಾಗಕ್ಕೊಂದು ವರ್ಕ್‌ಹೌಸ್ ಕಟ್ಟಿದ್ರು. ಕ್ಷಾಮ ಬಂದಾಗ ಜನ ಸಾಯೋದಕ್ಕೆ ಸಾಲುಗಟ್ಟಿ ನಿಂತಿದ್ದು ಅವುಗಳ ಬಾಗಿಲಲ್ಲೇ.

ಅದರ ಖರ್ಚು ಯಾರದು? ಒಂದೇ ಸಾಮ್ರಾಜ್ಯ, ಒಂದೇ ಖಜಾನೆ ಅಂತ ಹೇಳಿದವರು 1847ರಲ್ಲಿ ಮಾತು ತಿರುಗಿಸಿದ್ರು. ಐರ್ಲೆಂಡಿನ ಬಡತನಕ್ಕೆ ಐರ್ಲೆಂಡಿನ ಆಸ್ತಿಯೇ ತೆರಿಗೆ ಕಟ್ಟಲಿ ಅಂದ್ರು. 1849ರಲ್ಲಿ ದಿವಾಳಿಯಾದ ಪಶ್ಚಿಮದ ವಿಭಾಗಗಳಿಗಾಗಿ ಒಂದು ವಿಶೇಷ ತೆರಿಗೆ ಹಾಕಿದ್ರಲ್ಲ, ಅದೂ ಐರ್ಲೆಂಡಿನ ಉಳಿದ ಭಾಗಗಳ ಮೇಲೆ ಮಾತ್ರ. ಇಂಗ್ಲೆಂಡಿಗೆ ಇಲ್ಲ. ಬಡವರ ಪರಿಹಾರದ ಮುಖ್ಯ ಕಮಿಷನರ್ ಎಡ್ವರ್ಡ್ ಟ್ವಿಸಲ್ಟನ್ ಸಹಿಸಲಾಗದೆ ರಾಜೀನಾಮೆ ಬಿಸಾಕಿದ. ಇದೇ ಪಾರ್ಲಿಮೆಂಟ್ 1833ರಲ್ಲಿ ಗುಲಾಮರ ಮಾಲೀಕರಿಗೆ, ಗುಲಾಮರಿಗಲ್ಲ, ಮಾಲೀಕರಿಗೆ, 2 ಕೋಟಿ ಪೌಂಡ್ ಪರಿಹಾರ ಮಂಜೂರು ಮಾಡಿತ್ತು. ಇಡೀ ಕ್ಷಾಮಕ್ಕೆ ಲಂಡನ್ ಖಜಾನೆಯಿಂದ ಬಂದಿದ್ದು ಹೆಚ್ಚೆಂದರೆ ಅದರ ಅರ್ಧ.

ಆ ಖಜಾನೆಯ ಬಾಗಿಲಲ್ಲಿ ಕೂತಿದ್ದ ಅಧಿಕಾರಿಯ ಹೆಸರು ಚಾರ್ಲ್ಸ್ ಟ್ರೆವೆಲಿಯನ್. ಐರ್ಲೆಂಡಿನಲ್ಲಿ ಇವತ್ತಿಗೂ ಆ ಹೆಸರು ಹೇಳಿದ್ರೆ ಜನ ಮುಖ ಗಂಟಿಕ್ಕುತ್ತಾರೆ. ಈತ ಆಮೇಲೆ ಎಲ್ಲಿಗೆ ಬಂದ ಗೊತ್ತಾ? 1859ರಲ್ಲಿ ಮದ್ರಾಸ್ ಗವರ್ನರ್ ಆಗಿ. ಮಂಗಳೂರು, ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಇಲ್ಲಿ ಆದಾಯ ತೆರಿಗೆ ಬೇಡ ಅಂತ ಸರ್ಕಾರದ ವಿರುದ್ಧವೇ ಬಹಿರಂಗವಾಗಿ ಬರೆದು, ಮರುವರ್ಷ ಕೆಲಸ ಕಳಕೊಂಡು ವಾಪಸ್ ಹೋದ. ಮನುಷ್ಯ ಬಲು ವಿಚಿತ್ರ.

ಐಸಾಕ್ ಬಟ್ ಅನ್ನೋ ವಕೀಲನ ಕಥೆ ಇಲ್ಲಿ ಹೇಳಲೇಬೇಕು. ಪ್ರಾಟೆಸ್ಟಂಟ್, ಪಕ್ಕಾ ಬ್ರಿಟನ್ ಪರ. 1843ರಲ್ಲಿ ಡಬ್ಲಿನ್ ಪಾಲಿಕೆಯಲ್ಲಿ ಡೇನಿಯಲ್ ಓಕಾನೆಲ್ ಎದುರು ನಿಂತು, ಒಕ್ಕೂಟ ಬಿಡಬಾರದು ಅಂತ ವಾದಿಸಿದವನು. 1847ರಲ್ಲಿ ಅವನೇ ಕೇಳಿದ: ಇದೇ ಕ್ಷಾಮ ಇಂಗ್ಲೆಂಡಿನ ಕಾರ್ನ್‌ವಾಲ್ ಜಿಲ್ಲೆಗೆ ಬಂದಿದ್ರೆ, ನಿಮ್ಮ ಖರ್ಚು ನೀವೇ ನೋಡ್ಕೊಳ್ಳಿ ಅಂತಿದ್ರಾ? ಯಾರೂ ಉತ್ತರ ಕೊಡಲಿಲ್ಲ. 1870ರಲ್ಲಿ ‘ಹೋಮ್ ರೂಲ್’ ಚಳವಳಿ ಶುರು ಮಾಡಿದ್ದು ಅದೇ ಐಸಾಕ್ ಬಟ್!

ಲಂಡನ್ನಿನ ರಾಜಕಾರಣದಲ್ಲಿ ಐರ್ಲೆಂಡ್ ದಾಳವೂ ಆಗಿತ್ತು. 1846ರ ಜೂನ್ 25ರ ರಾತ್ರಿ ಪ್ರಧಾನಿ ರಾಬರ್ಟ್ ಪೀಲ್‌ನ ಸರ್ಕಾರ ಬಿತ್ತು. ಬಿದ್ದಿದ್ದು ಐರ್ಲೆಂಡಿನ ಕಾನೂನು-ಸುವ್ಯವಸ್ಥೆಯ ಮಸೂದೆ ಮೇಲೆ. ಬೀಳಿಸಿದವರಲ್ಲಿ ಅನೇಕರಿಗೆ ಐರ್ಲೆಂಡಿನ ಚಿಂತೆ ಇರಲಿಲ್ಲ, ಧಾನ್ಯದ ಆಮದು ಸುಂಕ ತೆಗೆದ ಪೀಲ್ ಮೇಲೆ ಹಗೆ ತೀರಿಸಿಕೊಳ್ಳಬೇಕಿತ್ತು.

ಕೊನೆಗೆ ಐರಿಶ್ ಸಂಸದರು ಒಂದು ಉಪಾಯ ಹುಡುಕಿದ್ರು. ನಮ್ಮ ಮಾತು ಕೇಳಲ್ವಾ, ಹಾಗಾದ್ರೆ ನಿಮ್ಮ ಕೆಲಸವೂ ನಡೆಯಲ್ಲ. ಬೆಲ್‌ಫಾಸ್ಟಿನ ಹಂದಿಮಾಂಸದ ವ್ಯಾಪಾರಿ ಜೋಸೆಫ್ ಬಿಗರ್ ಗಂಟೆಗಟ್ಟಲೆ ಭಾಷಣ ಮಾಡೋದನ್ನ ಒಂದು ಅಸ್ತ್ರವೇ ಮಾಡಿಕೊಂಡ. ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್ ಅದನ್ನ ಪಕ್ಷದ ತಂತ್ರ ಮಾಡಿದ. 1881ರ ಜನವರಿ 31ರಂದು ಸೇರಿದ ಸದನ ಎದ್ದಿದ್ದು ಫೆಬ್ರವರಿ 2ರ ಬೆಳಗ್ಗೆ, 41 ಗಂಟೆ ಆದ ಮೇಲೆ. ಸ್ಪೀಕರ್ ಹೆನ್ರಿ ಬ್ರಾಂಡ್ ನಿಯಮ ಪಕ್ಕಕ್ಕಿಟ್ಟು ತಮ್ಮ ಸ್ವಂತ ಅಧಿಕಾರದಲ್ಲಿ ಚರ್ಚೆ ನಿಲ್ಲಿಸಿದ್ರು. ಮರುದಿನ 36 ಐರಿಶ್ ಸದಸ್ಯರು ಅಮಾನತು. 1887ರಲ್ಲಿ ಇನ್ನೊಂದು ಐರಿಶ್ ದಮನ ಮಸೂದೆಗೆ ‘ಗಿಲೊಟಿನ್’ ಬಳಸಿದ್ರು, ಅಂದ್ರೆ ನಿಗದಿತ ಸಮಯಕ್ಕೆ ಚರ್ಚೆ ಕತ್ತರಿಸಿ ಮತಕ್ಕೆ ಹಾಕೋದು. ನಮ್ಮ ಲೋಕಸಭೆಯಲ್ಲಿ ಬಜೆಟ್ ಬೇಡಿಕೆಗಳಿಗೆ ಗಿಲೊಟಿನ್ ಹಾಕಿದ್ರು ಅಂತ ಸುದ್ದಿ ಓದ್ತೀವಲ್ಲ, ಅದರ ಮೂಲ ಇದು.

ಹೋಮ್ ರೂಲ್ ಮಸೂದೆ 1886ರಲ್ಲಿ ಕಾಮನ್ಸ್‌ನಲ್ಲೇ ಸೋತಿತು. 1893ರಲ್ಲಿ ಕಾಮನ್ಸ್ ಒಪ್ಪಿತು, ಲಾರ್ಡ್ಸ್ ಸಭೆ 419ಕ್ಕೆ 41 ಮತದಿಂದ ಎತ್ತಿ ಬಿಸಾಕ್ತು. ಆಗ ಕಾಮನ್ಸ್‌ನಲ್ಲಿ ನಮ್ಮ ದಾದಾಭಾಯಿ ನವರೋಜಿಯವರೂ ಇದ್ದರು, ಐರ್ಲೆಂಡಿನ ಪರವಾಗಿ. ಮತ್ತೊಂದು ಆಯೋಗ ಕೂತಿತು. 1896ರಲ್ಲಿ ಅದು ಹೇಳಿದ್ದು, ಐರ್ಲೆಂಡ್ ತನ್ನ ಶಕ್ತಿಗೆ ಮೀರಿ ವರ್ಷಕ್ಕೆ ಸುಮಾರು 27 ಲಕ್ಷದ 50 ಸಾವಿರ ಪೌಂಡ್ ಹೆಚ್ಚು ತೆರಿಗೆ ಕಟ್ತಾ ಇದೆ ಅಂತ. ವರದಿ ಬಂತು. ಆಮೇಲೆ? ಕಪಾಟು ಸೇರಿತು.

ಮೂರನೇ ಮಸೂದೆ 1914ರಲ್ಲಿ ಕಾನೂನಾಯ್ತು, ಮಹಾಯುದ್ಧದ ನೆಪದಲ್ಲಿ ಅಮಾನತಿನಲ್ಲಿ ಉಳೀತು. 1916ರ ಏಪ್ರಿಲ್ 24, ಈಸ್ಟರ್ ಸೋಮವಾರ, ಡಬ್ಲಿನ್ನಿನಲ್ಲಿ ಬಂಡಾಯಗಾರರು ಅಂಚೆ ಕಚೇರಿ ಹಿಡಿದು ಗಣರಾಜ್ಯ ಘೋಷಿಸಿದಾಗ, ಐರ್ಲೆಂಡಿನ ಹೊಣೆ ಹೊತ್ತಿದ್ದ ಚೀಫ್ ಸೆಕ್ರೆಟರಿ ಅಗಸ್ಟಿನ್ ಬಿರೆಲ್ ಎಲ್ಲಿದ್ದ? ಲಂಡನ್ನಿನಲ್ಲಿ.

1918ರ ಡಿಸೆಂಬರ್ ಚುನಾವಣೆಯಲ್ಲಿ 105 ಐರಿಶ್ ಸ್ಥಾನಗಳಲ್ಲಿ 73 ಗೆದ್ದ ಶಿನ್ ಫೇನ್ ಪಕ್ಷದವರು ಲಂಡನ್ ಹಡಗು ಹತ್ತಲೇ ಇಲ್ಲ. 1919ರ ಜನವರಿ 21ರಂದು ಡಬ್ಲಿನ್ನಿನ ಮ್ಯಾನ್ಶನ್ ಹೌಸ್‌ನಲ್ಲಿ ತಮ್ಮದೇ ಸಭೆ ಕರೆದರು. ಗೆದ್ದ ಎಲ್ಲರ ಹೆಸರೂ ಕೂಗಿದ್ರು, ವಿರೋಧಿ ಎಡ್ವರ್ಡ್ ಕಾರ್ಸನ್ ಹೆಸರನ್ನೂ ಬಿಡದೆ. ಹೆಸರಿನ ಮೇಲೆ ಹೆಸರು ಕೂಗಿದಾಗ ಬಂದ ಉತ್ತರ, ಜೈಲಿನಲ್ಲಿದ್ದಾರೆ. ಮೂರು ವರ್ಷದ ರಕ್ತಪಾತದ ನಂತರ, 1921ರ ಡಿಸೆಂಬರ್ 6ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಕಥೆ ಮುಗೀತು ಅಂದುಕೊಂಡ್ರಾ? ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನಲ್ಲೇ ಉಳಿದವು, ಅವಕ್ಕೆ ಬೆಲ್‌ಫಾಸ್ಟಿನಲ್ಲಿ ಪ್ರತ್ಯೇಕ ಪಾರ್ಲಿಮೆಂಟ್ ಕೊಟ್ಟರು. ಅದರ ಮೇಲೂ ಪರಮಾಧಿಕಾರ ಲಂಡನ್ನಿನದೇ ಅಂತ 1920ರ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ 1923ರಲ್ಲಿ ಕಾಮನ್ಸ್ ಸ್ಪೀಕರ್ ರೂಲಿಂಗ್ ಕೊಟ್ಟರು: ಬೆಲ್‌ಫಾಸ್ಟಿಗೆ ವಹಿಸಿಕೊಟ್ಟ ವಿಷಯಗಳ ಬಗ್ಗೆ ಇಲ್ಲಿ ಪ್ರಶ್ನೆ ಕೇಳೋ ಹಾಗಿಲ್ಲ. 175 ಸಮಿತಿ ಹಾಕಿದ್ದ ಸದನ ಈಗ ನೋಡೋದನ್ನೇ ನಿಲ್ಲಿಸ್ತು. ಅಲ್ಪಸಂಖ್ಯಾತ ಕ್ಯಾಥೊಲಿಕರಿಗೆ ಮನೆ ಹಂಚಿಕೆಯಲ್ಲಿ, ಕೆಲಸದಲ್ಲಿ, ಸ್ಥಳೀಯ ಮತದಾನದಲ್ಲಿ ಅನ್ಯಾಯ ಆಗ್ತಾ ಇದ್ರೂ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದೇ ಉತ್ತರ, ಅದು ಬೆಲ್‌ಫಾಸ್ಟಿನ ವಿಷಯ.

1966ರಲ್ಲಿ ಪಶ್ಚಿಮ ಬೆಲ್‌ಫಾಸ್ಟಿನಿಂದ ಗೆದ್ದು ಬಂದ ಜೆರಿ ಫಿಟ್ ಈ ಗೋಡೆಗೆ ಮತ್ತೆ ಮತ್ತೆ ತಲೆ ಚಚ್ಚಿಕೊಂಡರು. 1968ರ ಅಕ್ಟೋಬರ್ 5ರಂದು ಡೆರ್ರಿ ಪಟ್ಟಣದ ನಾಗರಿಕ ಹಕ್ಕುಗಳ ಮೆರವಣಿಗೆಗೆ ಹೋದಾಗ ಪೊಲೀಸರ ಲಾಠಿ ಅವರ ತಲೆಗೇ ಬಿತ್ತು. ಪಕ್ಕದಲ್ಲಿ ಅವರೇ ಕರೆತಂದಿದ್ದ ಮೂವರು ಬ್ರಿಟಿಷ್ ಸಂಸದರಿದ್ದರು. ಮುಂದೆ ಟಿ.ವಿ. ಕ್ಯಾಮೆರಾ ಇತ್ತು. ರಕ್ತ ಸುರೀತಿದ್ದ ಸಂಸದನ ಚಿತ್ರ ಮನೆಮನೆಯ ಪರದೆ ಮೇಲೆ ಬಂತು. 1972ರ ಮಾರ್ಚಿನಲ್ಲಿ ಬೆಲ್‌ಫಾಸ್ಟ್ ಪಾರ್ಲಿಮೆಂಟನ್ನ ಅಮಾನತು ಮಾಡಿ, ಲಂಡನ್ ಮತ್ತೆ ನೇರವಾಗಿ ಆಡಳಿತ ವಹಿಸಿಕೊಂಡಿತು. ಆ ಹೊತ್ತಿಗೆ ಅಲ್ಲಿನ ಬೀದಿಗಳಲ್ಲಿ ಸೇನೆ ಇಳಿದು ಎರಡೂವರೆ ವರ್ಷ ಆಗಿತ್ತು.