ಲಷ್ಕರ್ ಮೊಹಲ್ಲಾ: ತೀರ್ಪಿಗೆ ಮೊದಲೇ ಶಿಕ್ಷೆ

ಮೈಸೂರಿನಲ್ಲಿ ಅಶೋಕ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಮೊದಲು ಸಿಗುವುದು ಚಿನ್ನ-ಬೆಳ್ಳಿ, ಬಟ್ಟೆ ಅಂಗಡಿಗಳ ಸಂದಣಿ. ನೆಹರೂ ವೃತ್ತ ದಾಟಿ ಲಷ್ಕರ್ ಮೊಹಲ್ಲಾದ ಗಲ್ಲಿಗಳ ನಡುವೆ ಸಾಗಿದರೆ ಸಂತ ಫಿಲೋಮಿನಾ ಚರ್ಚ್‌ನ ಜೋಡಿ ಗೋಪುರ ಕಾಣುತ್ತದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಕಟ್ಟಡ ಅದು. ಪ್ರವಾಸಿಗರು ಇಳಿದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಇದೇ ರಸ್ತೆಯಲ್ಲಿರುವ ಕೇಂದ್ರ ಕಾರಾಗೃಹವನ್ನು ಯಾವ ಗೈಡೂ ತೋರಿಸುವುದಿಲ್ಲ.

ರಂಗಭೂಮಿಯ ನಂಟಿರುವವರಿಗೆ ಈ ಜೈಲು ಎಂದರೆ ರಂಗಾಯಣದ ಹುಲಗಪ್ಪ ಕಟ್ಟೀಮನಿ ಕೈದಿಗಳಿಂದ ಆಡಿಸಿದ ನಾಟಕಗಳು ನೆನಪಾಗುತ್ತವೆ. ಆದರೆ ಈ ಗೋಡೆಗಳ ಚರಿತ್ರೆಯಲ್ಲಿ ಅದಕ್ಕಿಂತ ಭಾರವಾದ ಅಧ್ಯಾಯ ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯ ಬಂದಿಗಳದು.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಬಳಿಯ ಪಾಲಾರಿನಲ್ಲಿ ಕಾಡುಗಳ್ಳ ವೀರಪ್ಪನ್ ತಂಡ ಇಟ್ಟ ನೆಲಬಾಂಬಿಗೆ 22 ಜನ ಸತ್ತರು. ಸತ್ತವರಲ್ಲಿ ಪೊಲೀಸರಿಗಿಂತ ಅವರಿಗೆ ಸುಳಿವು ಕೊಡುತ್ತಿದ್ದ ಬಡವರೇ ಹೆಚ್ಚು. ಆಮೇಲೆ ಬಿರುಸಾದ ವೀರಪ್ಪನ್ ಬೇಟೆಯಲ್ಲಿ ಕಾಡಂಚಿನ ಹಳ್ಳಿಗಳಿಂದ ಗಂಡಸರು, ಹೆಂಗಸರು ಎನ್ನದೆ ನೂರಕ್ಕೂ ಹೆಚ್ಚು ಮಂದಿ ಟಾಡಾ ಅಡಿ ಆರೋಪಿಗಳಾದರು. ಬಹಳಷ್ಟು ಜನ ಕೂಲಿಯವರು, ತುಂಡು ಭೂಮಿಯವರು. ಟಾಡಾದಲ್ಲಿ ಜಾಮೀನು ಎಂಬುದೇ ದುರ್ಲಭ. ಎಸ್‌ಪಿ ಎದುರಿನ ತಪ್ಪೊಪ್ಪಿಗೆಯೂ ಸಾಕ್ಷಿಯೇ. 1995ರಲ್ಲಿ ಕಾಯ್ದೆ ಸತ್ತಿತು, ಅದರಡಿಯ ಮೊಕದ್ದಮೆಗಳು ಸಾಯಲಿಲ್ಲ. ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ಕುಂಟುತ್ತಲೇ ಇತ್ತು.

2000ದ ಜುಲೈ 30ರಂದು ವರನಟ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ವೀರಪ್ಪನ್ ಅಪಹರಿಸಿದ. ಟಾಡಾ ಬಂದಿಗಳನ್ನು ಬಿಡಿ ಎಂಬುದು ಅವನ ಬೇಡಿಕೆಗಳಲ್ಲಿ ಒಂದು. ಏಳು ವರ್ಷ ಕಣ್ಣಿಗೆ ಬೀಳದಿದ್ದ ಈ ಕೈದಿಗಳು ಸರ್ಕಾರಕ್ಕೆ ಕೆಲವೇ ವಾರಗಳಲ್ಲಿ ಕಂಡರು. ಟಾಡಾ ಆರೋಪ ಕೈಬಿಡಲು ಅದು ಮುಂದಾಯಿತು. ವೀರಪ್ಪನ್ ಗುಂಡಿಗೆ ಬಲಿಯಾದ ಎಸ್‌ಐ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ನವೆಂಬರ್ 7ರಂದು ಕೋರ್ಟ್ ಸರ್ಕಾರದ ನಡೆಯನ್ನು ತಳ್ಳಿಹಾಕಿತು. ಮಗನನ್ನು ಕಳೆದುಕೊಂಡ ತಂದೆಯ ನೋವು ನ್ಯಾಯವಾದದ್ದೇ. ಬೆದರಿಕೆಗೆ ಮಣಿದು ಕಾನೂನು ಬಗ್ಗಿಸಬಾರದೆಂಬುದೂ ಸರಿ. ಆದರೆ ಬೆದರಿಕೆ ಇಲ್ಲದಾಗ ಸರ್ಕಾರ ಆ ಕಡತ ತೆರೆದು ನೋಡಲಿಲ್ಲ ಎಂಬುದೇ ನನ್ನ ತಕರಾರು.

2001ರ ಸೆಪ್ಟೆಂಬರಿನಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂತು. ಬಹುಪಾಲು ಆರೋಪಿಗಳು ಖುಲಾಸೆಯಾದರು. ಹಲವರು ಅಷ್ಟರಲ್ಲಿ ಎಂಟು ವರ್ಷ ಒಳಗೇ ಕಳೆದಿದ್ದರು. ಶಿಕ್ಷೆಯಾದವರಲ್ಲಿ ನಾಲ್ವರ ಜೀವಾವಧಿಯನ್ನು 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆಗೆ ಏರಿಸಿತು, 2014ರಲ್ಲಿ ಮತ್ತೆ ಜೀವಾವಧಿಗೆ ಇಳಿಸಿತು. ವೀರಪ್ಪನ್ ಬೇಟೆಯ ಪೊಲೀಸ್ ದೌರ್ಜನ್ಯಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಹೇಳಿತು. ತಲೆಗೆ ಮೂರು ಲಕ್ಷದಷ್ಟು.

ಇದು ಹಳೆಯ ಕಥೆ ಎನ್ನುವಂತಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿಲ್ಲ. ದಲಿತರು, ಆದಿವಾಸಿಗಳು, ಮುಸ್ಲಿಮರು ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚಾಗಿ ಒಳಗಿದ್ದಾರೆ. ನಮ್ಮಲ್ಲಿ ಜಾಮೀನಿನ ಆದೇಶ ಸಿಕ್ಕ ಮೇಲೂ ಶ್ಯೂರಿಟಿಗೆ ಪಹಣಿ ಬೇಕು. ಪಹಣಿ ಬೇಕೆಂದರೆ ಭೂಮಿ ಬೇಕು. ಭೂಮಿ ಇಲ್ಲದವನ ಪರವಾಗಿ ತನ್ನ ಪಹಣಿ ಹಿಡಿದು ಮೈಸೂರಿನ ಕೋರ್ಟಿಗೆ ಬರುವವರು ಎಷ್ಟು ಮಂದಿ?

ಆದರೂ ಕೆಲವು ದಾರಿಗಳಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಇದ್ದವರಿಗೆ ಇದು ಅನ್ವಯಿಸದು. ಜಾಮೀನಿನ ಹಣ ಹೊಂದಿಸಲಾಗದ ಬಡ ಕೈದಿಗೆ ನೆರವು ಕೊಡುವ ಕೇಂದ್ರದ ಯೋಜನೆಯೂ ಇದೆ. ನಿಮ್ಮ ಬಂಧುವೋ ನೆರೆಯವರೋ ಒಳಗಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಿ. ವಕೀಲರ ನೆರವು ಉಚಿತ.